ಫೋನ್ ಎತ್ತುವವರು

ಬೆಳಗ್ಗೆ ಎಂಟಕ್ಕೆ ಸರಿಯಾಗಿ ಸರ್ಜರಿಗೆ ಫೋನ್ ಮಾಡಿದೆ. ಇಂಗ್ಲೆಂಡಿನಲ್ಲಿ ಡಾಕ್ಟರ ಕ್ಲಿನಿಕ್ಕಿಗೆ ಸರ್ಜರಿ ಅನ್ನುತ್ತಾರೆ. ಬಂದ ಹೊಸತರಲ್ಲಿ "ನಾಳೆ ಸರ್ಜರಿಗೆ ಹೋಗ್ತೀನಿ" ಅಂದಿದ್ದಕ್ಕೆ ಊರಿನಲ್ಲಿ ಅಮ್ಮ ಅತ್ತೇಬಿಟ್ಟಿದ್ದರು.

"ನೀವು ಸಾಲಿನಲ್ಲಿ 23ನೆಯವರು" ಎಂದಿತು ಯಂತ್ರ. ನನಗಿದ್ದದ್ದು ಬರೀ ಗಂಟಲು ನೋವು. ಫೋನ್ ಕಿವಿಗೆ ಒತ್ತಿಕೊಂಡೇ ಹಿತ್ತಲಿಗೆ ಹೋಗಿ ಪಕ್ಕದ ಮನೆಯ ಅಜ್ಜನ ಹತ್ತಿರ ಗೊಣಗಿದೆ. ಯಾರ್ಕ್‌ಶೈರ್‌ನಲ್ಲೇ ಹುಟ್ಟಿ ಬೆಳೆದವರು.

"ನಮ್ಮ ಕಾಲದಲ್ಲಿ ಡಾಕ್ಟರೇ ಮನೆಗೆ ಬರ್ತಿದ್ದರು" ಎಂದು ಶುರು ಮಾಡಿದರು. 1947ರ ಹಿಮದಲ್ಲಿ ಇವರಿಗೆ ಆರು ವರ್ಷ. ಕಾರು ಹೂತುಹೋಗಿ ಡಾಕ್ಟರು ಟ್ರಾಕ್ಟರ್ ಹತ್ತಿ ಬಂದರಂತೆ. ಡಾಕ್ಟರ ಮನೆಯ ಊಟದ ಕೋಣೆಯಲ್ಲೇ ರೋಗಿಗಳು ಕಾಯಬೇಕಿತ್ತಂತೆ. ಔಷಧಿಯನ್ನೂ ಅವರೇ ಬೆರೆಸಿ, ಸೀಸೆಗೆ ಬಿಳಿ ಕಾಗದ ಸುತ್ತಿ, ಕೆಂಪು ಅರಗು ಒತ್ತಿ ಕೊಡುತ್ತಿದ್ದರಂತೆ. ದುಡ್ಡಿಲ್ಲದವರು ಮೊಟ್ಟೆ ಕೊಡುತ್ತಿದ್ದರು. 1948ರ ಜುಲೈ 5ರಂದು ಸರ್ಕಾರದ ಆರೋಗ್ಯ ಸೇವೆ ಶುರುವಾಗಿ ಎಲ್ಲ ಪುಕ್ಕಟೆಯಾಯಿತು.

ಈ 'ನಮ್ಮ ಕಾಲ'ದ ಮೇಲೆ ನನಗೆ ಮೊದಲೇ ಸಿಟ್ಟು. "ಫೋನ್ ಯಾರು ಎತ್ತುತ್ತಿದ್ದರು?" ಅಂದೆ.

"ಡಾಕ್ಟರ ಹೆಂಡತಿ."

"ರಾತ್ರಿ?"

"ರಾತ್ರಿನೂ ಅವರೇ."

"ಸಂಬಳ?"

ನಿಮ್ಮಮ್ಮನಿಗೆ ಸಂಬಳ ಎಷ್ಟಿತ್ತು ಎಂದು ಕೇಳಿದ ಹಾಗೆ ಮುಖ ನೋಡಿದರು.

ಮಾತು ಬದಲಿಸಲು ವೆನ್ಸ್‌ಲಿಡೇಲ್ ಕಣಿವೆಯ ಡಾಕ್ಟರ್ ವಿಲಿಯಂ ಪಿಕಲ್ಸ್ ಅವರನ್ನು ಎಳೆದು ತಂದರು. ಹೌದು, ಹೆಸರೇ ಉಪ್ಪಿನಕಾಯಿ. 1929ರಲ್ಲಿ ಅಲ್ಲಿ ಕಾಮಾಲೆ ಹಬ್ಬಿತ್ತು. ಯಾರು ಯಾರ ಮನೆಗೆ ಹೋದರು, ಯಾವ ಹುಡುಗ ಯಾವ ಹಿತ್ತಲ ಬಾಗಿಲಿನಿಂದ ಬಂದ, ಇದೆಲ್ಲ ಹಳ್ಳಿಯಲ್ಲಿ ಗುಟ್ಟೇನಲ್ಲ. ಪಿಕಲ್ಸ್ ಅದನ್ನೇ ಬೆನ್ನುಹತ್ತಿದರು. ಒಂದು ಬೆಳಗ್ಗೆ ಕಾಮಾಲೆಯಾಗಿ ಮಲಗಿದ್ದ ಹುಡುಗಿಯನ್ನು ನೋಡಿ ಬಂದಿದ್ದರು. ಅವತ್ತೇ ಊರಲ್ಲಿ ಜಾತ್ರೆಯಂಥ ಫೇಟ್. ಅವಳು ಎದ್ದಾಳು ಎಂದು ಇವರು ಕನಸಲ್ಲೂ ಎಣಿಸಿರಲಿಲ್ಲ. ಆಮೇಲೆ ನೋಡಿದರೆ ಫೇಟಿಗೂ ಹೋಗಿದ್ದಳು, ಪಾತ್ರೆ ತೊಳೆಯಲೂ ಕೈ ಜೋಡಿಸಿದ್ದಳು! ಸುಮಾರು ಒಂದು ತಿಂಗಳಾದ ಮೇಲೆ ಅಲ್ಲಿ ಅವಳ ಹತ್ತಿರ ಸುಳಿದವರು ಒಬ್ಬೊಬ್ಬರಾಗಿ ಮಲಗಿದರು. ತಗುಲಿದ 26ರಿಂದ 35 ದಿನಕ್ಕೆ ಈ ರೋಗ ಕಾಣಿಸಿಕೊಳ್ಳುತ್ತದೆ ಎಂದು ಅವರು ಲೆಕ್ಕ ಹಾಕಿದ್ದು ಹೀಗೆ.

ಆ ಹುಡುಗಿಯ ಮೇಲೆ ನನಗೆ ವಿಪರೀತ ಪ್ರೀತಿ. ಕಣ್ಣು ಹಳದಿಯಾದರೇನು, ಫೇಟ್ ವರ್ಷಕ್ಕೊಂದೇ ಸಲ ಅಲ್ವಾ? ಆದರೆ ಹೋದಮೇಲೂ ಪಾತ್ರೆ ತೊಳೆಯೋದೇ ಬಂತು ನೋಡಿ.

1952ರಲ್ಲಿ ಶುರುವಾದ ಜನರಲ್ ಪ್ರಾಕ್ಟೀಷನರ್‌ಗಳ ಕಾಲೇಜಿಗೆ (ಹೆಸರು ಕಾಲೇಜು, ನಿಜಕ್ಕೂ ಡಾಕ್ಟರುಗಳ ಸಂಘ) ಪಿಕಲ್ಸೇ ಮೊದಲ ಅಧ್ಯಕ್ಷರಾದರು. ಯಾರಿಗೆ ಯಾವಾಗ ರೋಗ ಬಂತು ಎಂಬ ಪಿಕಲ್ಸರ ಪಟ್ಟಿಗಳನ್ನೆಲ್ಲ ಕೂತು ಬರೆದವರು? ಹೆಂಡತಿ. ಅಜ್ಜ ಇದನ್ನು ಹೇಳಲಿಲ್ಲ. ನಾನೇ ಹೇಳಿದೆ, ಸ್ವಲ್ಪ ಜೋರಾಗಿಯೇ.

ಅಜ್ಜ ಸುಮ್ನೆ ಗುಲಾಬಿ ಗಿಡ ಕತ್ತರಿಸುತ್ತಾ ನಿಂತರು. ಆಮೇಲೆ, "ಎಲ್ಲ ಪುಕ್ಕಟೆ ಆದಮೇಲೂ ನಮ್ಮಪ್ಪ ಮೊಟ್ಟೆ ಕೊಡೋದು ಬಿಡಲಿಲ್ಲ" ಅಂದರು. "ಡಾಕ್ಟರಿಗಲ್ಲ. ಫೋನ್ ಎತ್ತುತ್ತಿದ್ದರಲ್ಲ, ಅವರಿಗೆ."

ಏನು ಹೇಳಬೇಕೋ ತೋಚಲಿಲ್ಲ. ಅಷ್ಟರಲ್ಲಿ ನಾನು 2ನೆಯವಳಾಗಿದ್ದೆ, ಕಾಲ್ ಕಟ್ಟಾಯಿತು.