ನಾಲ್ಕು ದಿನದ ಸೂತಕ

2024ರ ಅಕ್ಟೋಬರ್ 17. ಮಲ್ಲೇಶ್ವರದ ಒಂದು ದರ್ಶಿನಿಯಲ್ಲಿ ಮಸಾಲೆ ದೋಸೆಯ ಟೋಕನ್ ಕೊಟ್ಟಾಗ ನ್ಯೂಜಿಲೆಂಡ್ ವಿರುದ್ಧದ ಟೆಸ್ಟಿನಲ್ಲಿ ಭಾರತ 31ಕ್ಕೆ 3. ದೋಸೆ ಕೈಗೆ ಬಂದಾಗ 34ಕ್ಕೆ 6. ಪಕ್ಕದಲ್ಲಿ ನಿಂತವರೊಬ್ಬರು ಫೋನನ್ನು ನೀರಿನ ಜಗ್ಗಿಗೆ ಒರಗಿಸಿ, ಒಂದೊಂದು ವಿಕೆಟ್ ಬಿದ್ದಾಗಲೂ ಇಡ್ಲಿಯನ್ನು ಇನ್ನಷ್ಟು ಸಣ್ಣಗೆ ಮುರಿಯುತ್ತಿದ್ದರು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಮೋಡ ಕವಿದ ಬೆಳಗ್ಗೆ ಟಾಸ್ ಗೆದ್ದು ನಾವೇ ಕೇಳಿ ತೆಗೆದುಕೊಂಡ ಬ್ಯಾಟಿಂಗ್ ಅದು. 46ಕ್ಕೆ ಆಲೌಟ್. ಐದು ಸೊನ್ನೆ. ಆ ಐದರಲ್ಲಿ ಒಂದು ನಮ್ಮ ರಾಹುಲ್ ಅವರದೇ. ಸ್ವಂತ ಊರು ಬೇರೆ.

ಸಂಜೆ ಮೇಲಿನ ಮನೆ ರಾಯರು ಮೆಟ್ಟಿಲಲ್ಲೇ ಸಿಕ್ಕರು. ಬ್ಯಾಂಕಿನಿಂದ ನಿವೃತ್ತರು. ಕ್ರಿಕೆಟ್ ವಿಷಯದಲ್ಲಿ ಮಾತ್ರ ಇನ್ನೂ ಸರ್ವೀಸಿನಲ್ಲಿದ್ದಾರೆ. "ಮುಗೀತು ಕಣ್ರೀ. ಇನ್ನು ಭಾರತದ ಕ್ರಿಕೆಟ್ ಮುಗೀತು" ಎಂದರು.

ಈ ಮಾತು ನನಗೆ ಹೊಸದಲ್ಲ. 2020ರ ಡಿಸೆಂಬರ್ 19ರಂದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 36ಕ್ಕೆ ಉರುಳಿದಾಗಲೂ ಅವರು ಇದನ್ನೇ, ಇದೇ ಮೆಟ್ಟಿಲಲ್ಲಿ ಹೇಳಿದ್ದರು. ಸರಿಯಾಗಿ ಒಂದು ತಿಂಗಳಿಗೆ ಬ್ರಿಸ್ಬೇನ್‌ನಲ್ಲಿ ಗೆದ್ದು ಸರಣಿಯನ್ನೇ ಹೊತ್ತು ತಂದಾಗ ಮಹಡಿಯಲ್ಲಿ ಪಟಾಕಿ ಹೊಡೆದವರೂ ಅವರೇ. ನಾನು ಹಳೆಯದನ್ನು ನೆನಪಿಸಲಿಲ್ಲ. ಸುಮ್ನೆ ಯಾಕೆ?

ನ್ಯೂಜಿಲೆಂಡ್ ಆ ಸರಣಿಗೆ ಬಂದಿದ್ದು ಶ್ರೀಲಂಕಾದಲ್ಲಿ 0-2 ಒದೆ ತಿಂದು. ಅವರ ದೊಡ್ಡ ಬ್ಯಾಟರ್ ವಿಲಿಯಮ್ಸನ್ ಕೂಡ ಇರಲಿಲ್ಲ. ಬೆಂಗಳೂರಿನಲ್ಲಿ 134 ಹೊಡೆದಿದ್ದು ರಚಿನ್ ರವೀಂದ್ರ. ಅಪ್ಪನ ಊರು ಬೆಂಗಳೂರು. "ಹೋಗ್ಲಿ ಬಿಡ್ರಿ, ಹೊಡೆದಿದ್ದು ನಮ್ಮ ಹುಡುಗನೇ" ಎಂದು ರಾಯರು ಅರ್ಧ ದುಃಖ ಇಳಿಸಿಕೊಂಡರು. ಆಮೇಲೆ ಪುಣೆಯಲ್ಲಿ ಅವರ ಸ್ಪಿನ್ನರ್ ಸ್ಯಾಂಟ್ನರ್ 13 ವಿಕೆಟ್ ತೆಗೆದರು, ಮುಂಬೈಯಲ್ಲಿ ಮುಂಬೈಯಲ್ಲೇ ಹುಟ್ಟಿದ ಇನ್ನೊಬ್ಬ ಸ್ಪಿನ್ನರ್ ಎಜಾಜ್ ಪಟೇಲ್ 11 ತೆಗೆದರು. 0-3. ತವರಿನಲ್ಲಿ ಸತತ 18 ಸರಣಿ ಗೆದ್ದ ತಂಡದ ಕಥೆ ಇದು. ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋಗಿ 1-3.

ಈಗ ರೋಗ ಪತ್ತೆ ಮಾಡಬೇಕಲ್ಲ? ತಿರುಗುವ ಚೆಂಡನ್ನು ಆಡುವುದು ನಮ್ಮವರಿಗೆ ಮರೆತುಹೋಗಿದೆ ಎಂದು ನನ್ನಂಥ ದಡ್ಡನಿಗೂ ಅನ್ನಿಸಿತ್ತು. ಕ್ರಿಕೆಟ್ ಮಂಡಳಿಗೆ ಹೊಳೆದದ್ದು ಲಗೇಜು. 2025ರ ಜನವರಿಯಲ್ಲಿ ಹತ್ತು ಅಂಶಗಳ ಕಟ್ಟಪ್ಪಣೆ ಹೊರಟಿದೆ ಎಂದು ಸುದ್ದಿ ಬಂತು. 30 ದಿನಕ್ಕಿಂತ ಉದ್ದದ ಪ್ರವಾಸವಾದರೆ ಆಟಗಾರನೊಬ್ಬನಿಗೆ 150 ಕೇಜಿ ಮಾತ್ರ. ಸ್ವಂತ ಅಡುಗೆಯವರು, ಕ್ಷೌರದವರು ಅನುಮತಿ ಇಲ್ಲದೆ ಬರುವಂತಿಲ್ಲ. ಹೆಂಡತಿ ಮಕ್ಕಳು ಎರಡು ವಾರ ಇದ್ದು ಹೊರಡಬೇಕು. ರಾಯರ ಮಗಳು ಇರುವುದು ನ್ಯೂಜೆರ್ಸಿಯಲ್ಲಿ. ಆರು ತಿಂಗಳಿಗೆಂದು ಹೊರಡುವಾಗ ರಾಯರು ತಲಾ 23 ಕೇಜಿಯ ಎರಡು ಸೂಟ್‌ಕೇಸಿನಲ್ಲಿ ಬಟ್ಟೆ, ಸಾರಿನ ಪುಡಿ, ಹಪ್ಪಳ, ಮಾತ್ರೆ ಎಲ್ಲ ತುರುಕಿ, ತಾವೇ ಸೂಟ್‌ಕೇಸ್ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ತಮ್ಮ ತೂಕ ಕಳೆದು ಲೆಕ್ಕ ಹಾಕುವವರು. "150 ಕೇಜಿ *ಮಾತ್ರಾನಾ*?" ಎಂದು ಅವರು ಕೇಳಿದ ಧಾಟಿ ಇನ್ನೂ ಕಿವಿಯಲ್ಲಿದೆ.

ದೊಡ್ಡವರೆಲ್ಲ ದೇಶದೊಳಗಿನ ರಣಜಿ ಟ್ರೋಫಿ ಆಡಲೇಬೇಕು ಎಂಬುದೂ ಮದ್ದಿನ ಚೀಟಿಯಲ್ಲಿತ್ತು. ಕೊಹ್ಲಿ ಹನ್ನೆರಡು ವರ್ಷದ ಮೇಲೆ ದೆಹಲಿಗೆ ರಣಜಿ ಆಡಲು ಬಂದರು. ಸಾವಿರಾರು ಜನ ಬೆಳಗ್ಗೆಯೇ ಸಾಲು ನಿಂತರು. 6 ರನ್, ಕ್ಲೀನ್ ಬೌಲ್ಡ್. ಜನ ಎದ್ದು ಮನೆಗೆ ಹೋದರು. ಸ್ಪಿನ್ ಆಡುವುದನ್ನು ಕಲಿಯಲು ಬಂದವರು ರೈಲ್ವೇಸ್‌ನ ವೇಗಿಗೆ ಔಟಾದದ್ದು ಮಾತ್ರ ಮದ್ದಿನ ತಪ್ಪಲ್ಲ.

ಮಾರ್ಚ್‌ನಲ್ಲಿ ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿ ಗೆದ್ದೆವು. ಅದೂ ಅದೇ ನ್ಯೂಜಿಲೆಂಡ್ ವಿರುದ್ಧ. ಸತ್ತ ಕ್ರಿಕೆಟ್ ಎದ್ದು ಕೂತಿತು. ಮೇನಲ್ಲಿ ರೋಹಿತ್, ಕೊಹ್ಲಿ ಇಬ್ಬರೂ ಟೆಸ್ಟಿಗೆ ಕೈಮುಗಿದರು, ಮತ್ತೆ ಮಲಗಿತು. ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಓವಲ್‌ನಲ್ಲಿ ವೇಗಿ ಸಿರಾಜ್ 6 ರನ್ನಿನಿಂದ ಗೆಲ್ಲಿಸಿದರು, ಮತ್ತೆ ಎದ್ದಿತು. ಅಕ್ಟೋಬರ್‌ನಲ್ಲಿ ವೆಸ್ಟ್ ಇಂಡೀಸನ್ನು 2-0 ಬಡಿದಾಗ ಟಿವಿಯವರು ಪೂರ್ಣ ಚೇತರಿಕೆ ಘೋಷಿಸಿದರು. ಆ ವೆಸ್ಟ್ ಇಂಡೀಸ್ ಮೂರು ತಿಂಗಳ ಹಿಂದೆ ಜಮೈಕಾದಲ್ಲಿ 27ಕ್ಕೆ ಆಲೌಟ್ ಆಗಿತ್ತು. ಇಪ್ಪತ್ತೇಳು! 1980ರಿಂದ 95ರವರೆಗೆ ಒಂದೇ ಒಂದು ಟೆಸ್ಟ್ ಸರಣಿ ಸೋಲದ ತಂಡ ಅದು. ಕುಸಿತ ಅಂದರೆ ಹೇಗಿರುತ್ತದೆ ಎಂದು ನೋಡಬೇಕಿದ್ದವರು ನಮ್ಮ ಮನೆಗೇ ಬಂದಿದ್ದರು. ನಾವು ಅವರನ್ನು ಸೋಲಿಸಿ, ನಮ್ಮ ಆರೋಗ್ಯ ಪರೀಕ್ಷೆ ಪಾಸಾಯಿತು ಎಂದುಕೊಂಡೆವು.

ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಬಂತು. ಕೋಲ್ಕತ್ತದಲ್ಲಿ ಗೆಲ್ಲಲು ಬೇಕಿದ್ದು 124. ಮಾಡಿದ್ದು 93. ಮೂರೇ ದಿನಕ್ಕೆ ಎಲ್ಲ ಖಲಾಸ್. ಪಿಚ್ ಹಾಳು ಎಂದು ದೇಶವೆಲ್ಲ ಬೈಯುತ್ತಿದ್ದರೆ, ಕೋಚ್ ಗಂಭೀರ್ ಮಾತ್ರ ನಾವು ಕೇಳಿದ್ದೇ ಇಂಥ ಪಿಚ್ಚು ಎಂದುಬಿಟ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳೇ ವಾಸಿ. ನೆಲವನ್ನು ತಾನೇ ಹೇಳಿ ಡೊಂಕು ಮಾಡಿಸಿಕೊಂಡಿರಲಿಲ್ಲ. ತಿರುಗುವ ಪಿಚ್ಚಿನಲ್ಲಿ ನಮಗೆ ಎಷ್ಟು ಕಷ್ಟವೋ ಎದುರಾಳಿಗೆ ಅಷ್ಟೇ ಸುಲಭ ಎಂಬುದನ್ನು ಸ್ಯಾಂಟ್ನರ್ ಒಂದು ವರ್ಷದ ಹಿಂದೆಯೇ ತೋರಿಸಿದ್ದರು. ಈ ಸಲ ದಕ್ಷಿಣ ಆಫ್ರಿಕಾದ ಸ್ಪಿನ್ನರ್ ಹಾರ್ಮರ್ ಆ ಪಾಠವನ್ನೇ ಇನ್ನೊಮ್ಮೆ ಮಾಡಿದರು, ಟ್ಯೂಷನ್ ಫೀಸೂ ತೆಗೆದುಕೊಳ್ಳದೆ. ಗುವಾಹಟಿಯಲ್ಲಿ ಪಿಚ್ ಚೆನ್ನಾಗಿಯೇ ಇತ್ತು. ಅಲ್ಲಿ 408 ರನ್ನಿನಿಂದ ಸೋತೆವು. ರನ್ ಲೆಕ್ಕದಲ್ಲಿ ನಮ್ಮ ಟೆಸ್ಟ್ ಇತಿಹಾಸದ ಅತಿ ದೊಡ್ಡ ಸೋಲು.

ಅದು ನವೆಂಬರ್ 26. ರಾಯರ ಮನೆಯಲ್ಲಿ ಟಿವಿ ಆಫ್. ಮೆಟ್ಟಿಲಲ್ಲಿ ಸಿಕ್ಕರೂ ಮಾತಿಲ್ಲ, ಬರೀ ತಲೆ ಅಲ್ಲಾಡಿಸಿದರು. ಈ ಸಲ ನಿಜವಾಗಿಯೂ ಹನ್ನೊಂದನೇ ದಿನದ ತನಕ ಸೂತಕ ಇರುತ್ತದೆ ಎಂದುಕೊಂಡೆ.

30ನೇ ತಾರೀಕು ರಾತ್ರಿ ಬಾಗಿಲು ಬಡಿದ ಸದ್ದು. ರಾಯರು. ಕೈಯಲ್ಲಿ ಮೈಸೂರ್ ಪಾಕ್ ಡಬ್ಬ. ರಾಂಚಿಯ ಒನ್ ಡೇಯಲ್ಲಿ ಕೊಹ್ಲಿ 135 ಹೊಡೆದು, ಅದೇ ದಕ್ಷಿಣ ಆಫ್ರಿಕಾವನ್ನು ನಾವು 17 ರನ್ನಿನಿಂದ ಸೋಲಿಸಿದ್ದೆವು.

"ರಾಯರೇ, ಮೊನ್ನೆಯಷ್ಟೇ ಎಲ್ಲ ಮುಗೀತು ಅನ್ನೋ ಥರ ಇದ್ರಲ್ಲ?"

"ಅದು ಟೆಸ್ಟು ಕಣ್ರೀ, ಇದು ಒನ್ ಡೇ" ಎನ್ನುತ್ತಾ ಡಬ್ಬದ ಮುಚ್ಚಳ ತೆಗೆದರು. "ಅದೂ ಅಲ್ದೆ, ರಾಂಚೀಲಿ ನೆಲ ಸಮ ಇತ್ತು ನೋಡಿ."