‘ರೂಲ್ ಆಫ್ ಥಂಬ್’ ಹೆಂಡತಿಯನ್ನು ಹೊಡೆಯುವ ಕಾನೂನಿನಿಂದ ಬಂದದ್ದಲ್ಲ: ಒಂದು ಸ್ಪಷ್ಟನೆ

ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಿಂದ ಹೆಂಡತಿಯನ್ನು ಹೊಡೆಯಲು ಗಂಡನಿಗೆ ಅನುಮತಿ ನೀಡಿದ್ದ ಇಂಗ್ಲೆಂಡಿನ ಹಳೆಯ ಕಾನೂನಿನಿಂದ ‘ರೂಲ್ ಆಫ್ ಥಂಬ್’ ಎಂಬ ಇಂಗ್ಲಿಷ್ ನುಡಿಗಟ್ಟು ಹುಟ್ಟಿತು, ಆದ್ದರಿಂದ ಅದನ್ನು ಬಳಸಬಾರದು ಎಂಬ ಸಂದೇಶವೊಂದು ಹರಿದಾಡುತ್ತಿದೆ. ಇದು ನಿಜವಲ್ಲ. ಅಂಥ ಶಾಸನ ಇಂಗ್ಲೆಂಡಿನಲ್ಲಿ ಎಂದೂ ಇರಲಿಲ್ಲ.

ಕರಾರುವಾಕ್ಕಾದ ಅಳತೆಯನ್ನು ನೆಚ್ಚದೆ, ಅನುಭವದ ಬಲದಿಂದ ಮಾಡುವ ಸ್ಥೂಲ ಅಂದಾಜು ಎಂಬುದೇ ಈ ನುಡಿಗಟ್ಟಿನ ಅರ್ಥ. 17ನೇ ಶತಮಾನದ ಮುದ್ರಿತ ಬರಹಗಳಲ್ಲಿಯೂ ಅದು ಇದೇ ಅರ್ಥದಲ್ಲಿ ಕಾಣಿಸುತ್ತದೆ. ಅಲ್ಲಿ ಹೊಡೆತದ ಸುಳಿವೇ ಇಲ್ಲ.

ಗೊಂದಲದ ಎಳೆ ಸಿಗುವುದು 1782ರಲ್ಲಿ. ಹೆಬ್ಬೆರಳ ಗಾತ್ರದ ಕೋಲಿನಿಂದ ಹೆಂಡತಿಯನ್ನು ಹೊಡೆಯಬಹುದೆಂದು ನ್ಯಾಯಾಧೀಶ ಫ್ರಾನ್ಸಿಸ್ ಬುಲ್ಲರ್ ಹೇಳಿದರೆಂಬ ಸುದ್ದಿ ಆಗ ಹಬ್ಬಿತು. ಬುಲ್ಲರ್ ಅವರನ್ನು ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ‘ಜಡ್ಜ್ ಥಂಬ್’ ಎಂದು ಕರೆದು, ತುದಿಯಲ್ಲಿ ಹೆಬ್ಬೆರಳಿರುವ ಕೋಲುಗಳ ಕಂತೆಗಳನ್ನು ಹೊತ್ತವರಂತೆಯೂ, ಅವರ ಹಿಂದೆ ಒಬ್ಬ ಗಂಡಸು ಹೆಂಗಸನ್ನು ಥಳಿಸುತ್ತಿರುವಂತೆಯೂ ಚಿತ್ರಿಸಿದರು. ಆ ವೇಳೆಗಾಗಲೇ ನುಡಿಗಟ್ಟು ಬಳಕೆಗೆ ಬಂದು ಸುಮಾರು ಒಂದು ಶತಮಾನ ಕಳೆದಿತ್ತು.

ಹಾಗೆಂದು ಹೆಂಡತಿಯರ ಮೇಲಿನ ಹಿಂಸೆ ಕಟ್ಟುಕಥೆಯಾಗುವುದಿಲ್ಲ, ಈ ಸ್ಪಷ್ಟನೆಯನ್ನು ಯಾರೂ ಹಾಗೆ ಓದಬಾರದು. ಹೆಬ್ಬೆರಳಿಗಿಂತ ದೊಡ್ಡದಲ್ಲದ ಬೆತ್ತದಿಂದ ಹೆಂಡತಿಯನ್ನು ಹೊಡೆಯುವ ಹಕ್ಕು ಗಂಡನಿಗಿದೆ ಎಂಬ ಹಳೆಯ ವಾದ ತನ್ನಲ್ಲಿ ಊರ್ಜಿತವಲ್ಲ ಎಂದು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1874ರಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿ ಬಂದಿತ್ತು. ಆ ತೀರ್ಪಿನಲ್ಲಿಯೂ ‘ರೂಲ್ ಆಫ್ ಥಂಬ್’ ಎಂಬ ಪದಗಳಿಲ್ಲ.