ಕೇಕನ್ನು ಕೇಕ್ ಅಂತಲೇ ತಿನ್ನಿ

ಮನೆಯಲ್ಲೇ ಕೇಕ್ ಮಾಡಿದೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, "ಮೈದಾನಾ, ಗೋಧಿನಾ?" ಗೋಧಿ ಅಂದರೆ ಮುಖ ಅರಳುತ್ತದೆ, ಇನ್ನೊಂದು ತುಂಡು ಹಾಕಿಕೊಳ್ಳುತ್ತಾರೆ. ಸಕ್ಕರೆ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಬೆಲ್ಲ ಹಾಕಿದ್ದೀನಿ ಅಂದರಂತೂ ಮುಗೀತು, ಪಾಪವೆಲ್ಲ ಪರಿಹಾರ!

ನಾನೂ ಹಾಗೇ ಇದ್ದೆ. ಮೊದಲ ಸಲ ಮೈದಾ ಬದಲು ಅಷ್ಟೇ ಅಳತೆ ಗೋಧಿ ಹಿಟ್ಟು, ಸಕ್ಕರೆ ಅರ್ಧಕ್ಕರ್ಧ ಕಡಿಮೆ, ಬೆಣ್ಣೆ ಜಾಗದಲ್ಲಿ ಎರಡು ಚಮಚ ಎಣ್ಣೆ. ಓವನ್‌ನಿಂದ ಹೊರಗೆ ಬಂದಿದ್ದು ಇಟ್ಟಿಗೆ. ಚಾಕು ಮಧ್ಯದಲ್ಲೇ ಸಿಕ್ಕಿಕೊಂಡಿತು, ಎತ್ತಿದರೆ ಕೇಕೂ ಜೊತೆಗೇ ಎದ್ದು ಬಂತು. ಮನೆಯವರು ಮಾತಾಡದೆ ಹಾಲಲ್ಲಿ ಅದ್ದಿಕೊಂಡು ತಿಂದರು. ಮಗಳು ಮಾತ್ರ "ಇದು ಬಿಸ್ಕತ್ತಾ?" ಅಂದಳು.

ತಪ್ಪು ಹಿಟ್ಟಿನದಲ್ಲ. ಮೈದಾ ಅಂದರೆ ಗೋಧಿ ಕಾಳಿನ ಒಳಗಿನ ಬಿಳಿ ಭಾಗ ಮಾತ್ರ. ಇಡೀ ಗೋಧಿ ಹಿಟ್ಟಿನಲ್ಲಿ ಮೇಲಿನ ತೌಡು, ಮೊಳಕೆಯೊಡೆಯುವ ಪುಟ್ಟ ಭಾಗ ಎಲ್ಲವೂ ಇರುತ್ತದೆ. ಈ ತೌಡು ನೀರು ಜಾಸ್ತಿ ಕುಡಿಯುತ್ತದೆ, ಅದೂ ನಿಧಾನವಾಗಿ. ಅದಕ್ಕೇ ಕಲಸುವಾಗ ಹದವಾಗಿ ಕಂಡಿದ್ದು ಟಿನ್ನಿಗೆ ಸುರಿಯುವಷ್ಟರಲ್ಲಿ ಮುದ್ದೆಯಾಗಿರುತ್ತದೆ. ಈಗ ಒಂದು ಕಪ್ ಹಿಟ್ಟಿಗೆ ಎರಡು ಮೂರು ಚಮಚ ಹಾಲು ಜಾಸ್ತಿ ಹಾಕಿ 20 ನಿಮಿಷ ಮುಚ್ಚಿಡುತ್ತೇನೆ. ಅಡುಗೆ ಸೋಡಾ ಕೊನೆಗೆ, ಜರಡಿ ಹಿಡಿದು. ಮೊಸರಿನ ಹುಳಿ ಸಿಕ್ಕ ಕೂಡಲೇ ಸೋಡಾ ಗುಳ್ಳೆ ಬಿಡಲು ಶುರು ಮಾಡುತ್ತದೆ, ನೀವು ಫೋನಲ್ಲಿ ಮಾತಾಡ್ತಾ ನಿಂತರೆ ಗುಳ್ಳೆಯೆಲ್ಲ ಹೋಗಿ ಮತ್ತೆ ಇಟ್ಟಿಗೆಯೇ ಗತಿ. ಹಾಂ, ಕಪ್ಪಿನ ಅಳತೆಯನ್ನೂ ಪೂರ್ತಿ ನಂಬಬೇಡಿ. ಸಡಿಲವಾಗಿ ತುಂಬಿದರೆ ಸುಮಾರು 120 ಗ್ರಾಂ, ಡಬ್ಬಿಗೇ ಅದ್ದಿ ಒತ್ತಿ ತೆಗೆದರೆ 150ರ ಹತ್ತಿರ. ಒಂದು ತಕ್ಕಡಿ ಇಟ್ಟುಕೊಳ್ಳಿ, ಅರ್ಧ ತಲೆನೋವು ಕಡಿಮೆ.

ಈಗ ಸಕ್ಕರೆ ವಿಷಯ, ನನ್ನ ಜಗಳ ಇರುವುದೇ ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಏನಂದರೆ, ನಾವು ಮೇಲಿಂದ ಹಾಕಿಕೊಳ್ಳುವ ಸಕ್ಕರೆ ದಿನದ ಕ್ಯಾಲೊರಿಯಲ್ಲಿ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕಿಂತ ಕೆಳಗೆ ಇಳಿದರೆ ಇನ್ನೂ ಒಳ್ಳೆಯದು. ಜೇನುತುಪ್ಪವೂ ಇದೇ ಲೆಕ್ಕದಲ್ಲಿ ಬರುತ್ತದೆ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ಆ ಶೇ. 5 ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ. ನನ್ನ ಹಳೆಯ ಕೇಕ್‌ಗೆ ಬೀಳುತ್ತಿದ್ದದ್ದು 200 ಗ್ರಾಂ. ಎಂಟು ತುಂಡು ಮಾಡಿದರೆ ಒಂದೊಂದರಲ್ಲಿ 25. ಒಂದೇ ತುಂಡಿಗೆ ಇಡೀ ದಿನದ್ದು ಖಾಲಿ! ಗೋಧಿ ಹಾಕಿದ್ದಕ್ಕೆ ಇದರಲ್ಲಿ ಒಂದು ಗ್ರಾಮೂ ಮಾಫಿ ಇಲ್ಲ.

ಹಾಗಂತ ಸಕ್ಕರೆ ಪೂರ್ತಿ ಕಿತ್ತುಹಾಕಿದರೆ ಕೇಕ್ ಒಣಗುತ್ತದೆ. ತೇವ ಹಿಡಿದಿಡುವುದು, ಮೇಲೆ ಆ ಕಂದು ಬಣ್ಣ ಬರಿಸುವುದು ಎಲ್ಲ ಅದರದ್ದೇ ಕೆಲಸ. ನಾನು 150ಕ್ಕೆ ಇಳಿಸಿ ಹತ್ತು ತುಂಡು ಮಾಡುತ್ತೇನೆ. ತಲಾ 15 ಗ್ರಾಂ.

ಮತ್ತೆ ಗೋಧಿ ಯಾಕೆ ಅಂತೀರಾ? ರುಚಿಗೆ ಕಣ್ರೀ. ಓಟ್ಸ್ ಅನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ನೋಡಿ, ಅಂಚು ಸ್ವಲ್ಪ ಕೆಂಪಾಗುವಾಗ ಬಾದಾಮಿ ಹುರಿದಂಥ ಘಮ ಬರುತ್ತದೆ, ಅದನ್ನು ತರಿತರಿಯಾಗಿ ಪುಡಿ ಮಾಡಿ ಗೋಧಿ ಹಿಟ್ಟಿನ ಜೊತೆ ಕಲಸಿದರೆ ಮೈದಾ ಕೇಕ್ ಸಪ್ಪೆ ಅನ್ನಿಸುತ್ತದೆ. ನಾರಿನಂಶ ಬೇಕಿದ್ದರೆ ದಿನದ ಊಟದಲ್ಲಿ ನೋಡಿಕೊಳ್ಳೋಣ, ಅಲ್ವಾ? ಇನ್ನೊಂದು, ಹಿಟ್ಟು ತಾಜಾ ಇರಲಿ. ಆ ಮೊಳಕೆ ಭಾಗದಲ್ಲಿ ಎಣ್ಣೆ ಇರುವುದರಿಂದ ಬಹಳ ದಿನ ಇಟ್ಟರೆ ಕಮಟು ಬರುತ್ತದೆ. ಜಾಸ್ತಿ ತಂದಿದ್ದರೆ ಫ್ರಿಜ್‌ನಲ್ಲಿಡಿ.

ನಿನ್ನೆ ಬಂದವರೂ ತಟ್ಟೆ ಹಿಡಿದು ಅದನ್ನೇ ಕೇಳಿದರು, "ಮೈದಾನಾ, ಗೋಧಿನಾ?"

"ಸಕ್ಕರೆ 150 ಗ್ರಾಂ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಸಣ್ಣ ತುಂಡೇ ಕೊಡಿ" ಅಂದರು.